ಓದುಗರ ಪ್ರಶ್ನೆಗಳಿಗೆ ಉತ್ತರ: ಸಣ್ಣ ಹಡಗಿನಲ್ಲಿ ಅಲಾಸ್ಕಾದ ಹಿಮನದಿಗಳ ಬಳಿಗೆ

ಆಗ್ನೇಯ ಅಲಾಸ್ಕಾದ ದ್ವೀಪಗಳ ನಡುವೆ ಸಣ್ಣ ಹಡಗಿನಲ್ಲಿ ಎರಡು ಬೇಸಿಗೆಗಳಲ್ಲಿ ನಾನು ಮಾಡಿದ ಪ್ರಯಾಣಗಳ ಕುರಿತ ಲೇಖನ ಪ್ರಕಟವಾದ ಮೇಲೆ ಓದುಗರು ಬಹಳ ಪತ್ರಗಳನ್ನು ಬರೆದಿದ್ದಾರೆ. ಹೋಗಬೇಕೆಂದು ಹಣ ಕೂಡಿಸುತ್ತಿರುವವರು, ಹೋಗುವುದು ಸರಿಯೇ ಎಂದು ಕೇಳುವವರು, ಹೋಗುವ ಉದ್ದೇಶವಿಲ್ಲದೆ ಹಿಮದ ವಿಜ್ಞಾನವನ್ನಷ್ಟೇ ತಿಳಿಯಬಯಸುವವರು ಎಲ್ಲರೂ ಇವರಲ್ಲಿದ್ದಾರೆ. ಎಲ್ಲ ಪತ್ರಗಳಿಗೂ ಇಲ್ಲಿ ಜಾಗ ಸಾಲದು. ಒಂದೇ ಪ್ರಶ್ನೆಯನ್ನು ಹಲವರು ಕೇಳಿದ್ದರೆ ಒಂದು ಪತ್ರವನ್ನು ಮಾತ್ರ ಆಯ್ದುಕೊಂಡಿದ್ದೇನೆ.

ಪ್ರಶ್ನೆ: ಮೂರು ಸಾವಿರ ಜನ ಹಿಡಿಸುವ ದೊಡ್ಡ ಹಡಗಿನಲ್ಲಿ ಹೋದರೂ ಅದೇ ಹಿಮನದಿ, ಅದೇ ತಿಮಿಂಗಿಲ. ಸಣ್ಣ ಹಡಗಿನ ದರವಂತೂ ಅದರ ಹಲವು ಪಟ್ಟು. ಹೆಚ್ಚು ಹಣ ಕೊಟ್ಟವರಿಗೆ ಪ್ರಾಣಿಗಳ ಇನ್ನಷ್ಟು ಹತ್ತಿರ ಹೋಗಲು ಸಿಗುತ್ತದೆಯೇ?
— ನಿವೃತ್ತ ಬ್ಯಾಂಕ್ ಅಧಿಕಾರಿ, ಧಾರವಾಡ

ಹತ್ತಿರ ಹೋಗಲು ಸಿಗುವುದಿಲ್ಲ, ಸಿಗಲೂಬಾರದು. ಸಣ್ಣ ಹಡಗು ಕೊಡುವುದು ಸಮಯವನ್ನು. ದೊಡ್ಡ ಹಡಗಿಗೆ ಬಂದರಿನಿಂದ ಬಂದರಿಗೆ ಗಂಟೆಯ ಲೆಕ್ಕದ ವೇಳಾಪಟ್ಟಿ ಇರುತ್ತದೆ. ದಾರಿಯಲ್ಲಿ ತಿಮಿಂಗಿಲಗಳ ಗುಂಪು ಕಂಡರೂ ಅದು ನಿಲ್ಲಲಾರದು. ಅರವತ್ತು ಎಪ್ಪತ್ತು ಜನರ ಹಡಗಿನ ಕ್ಯಾಪ್ಟನ್ ಬೆಳಿಗ್ಗೆ ಆರು ಗಂಟೆಗೆ ಎಂಜಿನ್ ನಿಲ್ಲಿಸಿ ಒಂದು ಗಂಟೆ ಸುಮ್ಮನೆ ತೇಲುತ್ತಿರಬಲ್ಲ. ನಾನು ಕಂಡ ಒಳ್ಳೆಯ ದೃಶ್ಯಗಳೆಲ್ಲವೂ ಹಾಗೆ ಕಾಯುತ್ತ ನಿಂತಾಗಲೇ ಸಿಕ್ಕಿದವು. ಇನ್ನೊಂದು ವ್ಯತ್ಯಾಸವೂ ಇದೆ. ಹಿಮನದಿಗಳು ಇಳಿಯುವ ಕೊಲ್ಲಿಯಾದ ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನದೊಳಗೆ ದಿನಕ್ಕೆ ಎರಡು ದೊಡ್ಡ ಹಡಗುಗಳಿಗೆ ಮಾತ್ರ ಪ್ರವೇಶವಿದ್ದು, ಅವುಗಳ ಪ್ರಯಾಣಿಕರು ಅಲ್ಲಿ ನೆಲಕ್ಕೆ ಇಳಿಯುವುದಿಲ್ಲ. ಹಡಗಿನ ಮೇಲಿಂದಲೇ ನೋಡಿ ಮರಳುತ್ತಾರೆ. ಸಣ್ಣ ಹಡಗುಗಳು ಬಾರ್ಟ್ಲೆಟ್ ಕೋವ್ ಎಂಬ ಪುಟ್ಟ ಬಂದರಿಗೆ ಕಟ್ಟಿಕೊಳ್ಳುತ್ತವೆ, ಕಾಡಿನಲ್ಲಿ ನಡೆಯಲು ಬಿಡುತ್ತವೆ, ರಬ್ಬರ್ ದೋಣಿಗಳನ್ನೂ ಕಯಾಕ್‌ಗಳನ್ನೂ ಇಳಿಸುತ್ತವೆ.

ಆದುದರಿಂದ ಹಡಗನ್ನು ಆರಿಸುವಾಗ ಕೋಣೆಯ ಅಗಲವನ್ನೋ ಊಟದ ಪಟ್ಟಿಯನ್ನೋ ನೋಡುವ ಮೊದಲು ಮೂರು ವಿಷಯಗಳನ್ನು ಬರವಣಿಗೆಯಲ್ಲಿ ಕೇಳಿ ತಿಳಿದುಕೊಳ್ಳಿ. ಈ ಹಡಗಿಗೆ ಗ್ಲೇಸಿಯರ್ ಬೇ ಪ್ರವೇಶದ ಪರವಾನಗಿ ಇದೆಯೇ, ಇದ್ದರೆ ಅಲ್ಲಿ ಎಷ್ಟು ದಿನ ಇರುತ್ತದೆ? ಎಷ್ಟು ಜನ ಪ್ರಯಾಣಿಕರಿಗೆ ಒಬ್ಬ ನಿಸರ್ಗತಜ್ಞರಿದ್ದಾರೆ? ದಿನದ ಕಾರ್ಯಕ್ರಮವನ್ನು ಬದಲಿಸುವ ಸ್ವಾತಂತ್ರ್ಯ ಕ್ಯಾಪ್ಟನ್‌ಗೆ ಇದೆಯೇ? ಮೂರನೆಯ ಪ್ರಶ್ನೆಗೆ ಬರುವ ಉತ್ತರ ಅಸ್ಪಷ್ಟವಾಗಿದ್ದರೆ ಆ ಹಡಗನ್ನು ನಾನಾದರೆ ಆರಿಸುವುದಿಲ್ಲ.

ವೀಸಾದ ಬಗ್ಗೆ ಹಲವರು ಕೇಳಿದ್ದರಿಂದ ಅದನ್ನೂ ಇಲ್ಲಿಯೇ ಹೇಳುತ್ತೇನೆ. ಅಮೆರಿಕದ ಒಂದು ಬಂದರಿನಲ್ಲಿ ಹತ್ತಿದವರನ್ನು ಅಲ್ಲಿನ ಇನ್ನೊಂದು ಬಂದರಿನಲ್ಲಿ ಇಳಿಸುವ ಹಕ್ಕು ವಿದೇಶೀ ಧ್ವಜದ ಹಡಗುಗಳಿಗೆ ಇಲ್ಲವೆಂದು 1886ರ ಕಾನೂನೊಂದು ಹೇಳುತ್ತದೆ. ವಿದೇಶಗಳಲ್ಲಿ ನೋಂದಣಿಯಾಗಿರುವ ದೊಡ್ಡ ಹಡಗುಗಳು ವ್ಯಾಂಕೂವರ್‌ನಿಂದ ಹೊರಡುವುದು ಅಥವಾ ನಡುವೆ ಕೆನಡಾದ ಬಂದರೊಂದನ್ನು ಮುಟ್ಟುವುದು ಇದೇ ಕಾರಣಕ್ಕೆ. ಹಾಗಾಗಿ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಆ ಪ್ರಯಾಣಕ್ಕೆ ಅಮೆರಿಕದ ವೀಸಾ ಜೊತೆಗೆ ಕೆನಡಾದ ವೀಸಾ ಕೂಡ ಬೇಕಾಗುತ್ತದೆ. ಸಣ್ಣ ಹಡಗುಗಳಲ್ಲಿ ಹಲವು ಅಮೆರಿಕದ ಧ್ವಜದವು. ಅವು ಜೂನೋದಿಂದ ಸಿಟ್ಕಾಕ್ಕೆ, ಜೂನೋದಿಂದ ಕೆಚಿಕಾನ್‌ಗೆ ನೇರವಾಗಿ ಹೋಗಬಲ್ಲವು. ಸಿಯಾಟಲ್ ಮೂಲಕ ವಿಮಾನದಲ್ಲಿ ಜೂನೋ ತಲುಪಿದರೆ ಅಮೆರಿಕದ ವೀಸಾ ಒಂದೇ ಸಾಕು. ಜೂನೋ ಅಲಾಸ್ಕಾದ ರಾಜಧಾನಿಯಾದರೂ ಹೊರಗಿನಿಂದ ಅಲ್ಲಿಗೆ ರಸ್ತೆಯಿಲ್ಲ. ವಿಮಾನ ಇಲ್ಲವೇ ಹಡಗು, ಇವೆರಡೇ ದಾರಿ.

ಪ್ರಶ್ನೆ: ಗ್ಲೇಸಿಯರ್ ಬೇಯಲ್ಲಿ ಹಿಮ ನೂರು ಕಿಲೋಮೀಟರ್ ಹಿಂದೆ ಸರಿದಿದೆ ಎಂದು ಬರೆದಿದ್ದೀರಿ. ಇದು ಪೂರ್ತಿಯಾಗಿ ಇಂದಿನ ಹವಾಮಾನ ಬದಲಾವಣೆಯ ಪರಿಣಾಮವೇ? ವಿದ್ಯಾರ್ಥಿಗಳಿಗೆ ಹೇಗೆ ವಿವರಿಸಬೇಕು?
— ವಿಜ್ಞಾನ ಶಿಕ್ಷಕಿ, ಶಿವಮೊಗ್ಗ

ಈ ಪ್ರಶ್ನೆ ಕೇಳಿದ್ದಕ್ಕೆ ತಮಗೆ ನಾನು ಋಣಿ. ನನ್ನ ಲೇಖನದಲ್ಲಿ ಇದನ್ನು ಬಿಡಿಸಿ ಹೇಳದೇ ಇದ್ದದ್ದು ತಪ್ಪು.

ಸುಮಾರು 1750ರ ಹೊತ್ತಿಗೆ ಈ ಕೊಲ್ಲಿ ಇರಲೇ ಇಲ್ಲ. ಅದಕ್ಕೂ ಮೊದಲು ಅಲ್ಲಿ ಹಸಿರು ಕಣಿವೆಯಿತ್ತು, ಅಲ್ಲಿ ಮೂಲನಿವಾಸಿಗಳಾದ ಹೂನಾ ಟ್ಲಿಂಗಿಟ್ ಜನರ ಊರುಗಳಿದ್ದವು. ಕಿರು ಹಿಮಯುಗವೆಂದು ಕರೆಯುವ ತಂಪಿನ ಶತಮಾನಗಳಲ್ಲಿ ಹಿಮನದಿ ಮುಂದಕ್ಕೆ ನುಗ್ಗಿ ಆ ಊರುಗಳನ್ನು ಮುಚ್ಚಿತು. ಜನರು ಮನೆಗಳನ್ನು ತೊರೆದು ಜಲಸಂಧಿಯ ಆಚೆ ಹೂನಾ ಎಂಬಲ್ಲಿ ನೆಲೆ ಕಂಡುಕೊಂಡರು. 1794ರಲ್ಲಿ ಬ್ರಿಟಿಷ್ ನೌಕಾಧಿಕಾರಿ ಜಾರ್ಜ್ ವ್ಯಾಂಕೂವರ್‌ನ ನಾವಿಕರು ಅಲ್ಲಿ ಹಾದುಹೋದಾಗ ಕಂಡದ್ದು ಕಡಲಿಗೆ ಅಡ್ಡವಾಗಿ ನಿಂತ ಹಿಮದ ಗೋಡೆ ಮತ್ತು ಅದರ ಮುಂದಿನ ಒಂದು ಚಿಕ್ಕ ಒಳಹರವು. 1879ರಲ್ಲಿ ಟ್ಲಿಂಗಿಟ್ ಮಾರ್ಗದರ್ಶಕರೊಂದಿಗೆ ದೋಣಿಯಲ್ಲಿ ಬಂದ ನಿಸರ್ಗ ಬರಹಗಾರ ಜಾನ್ ಮ್ಯೂರ್‌ಗೆ ಹಿಮದ ಮುಖ ಸಿಕ್ಕಿದ್ದು ಹಲವು ಹತ್ತು ಕಿಲೋಮೀಟರ್ ಒಳಗೆ. 1916ರ ವೇಳೆಗೆ ಅದು ಕೊಲ್ಲಿಯ ಬಾಯಿಂದ ಸುಮಾರು 100 ಕಿಲೋಮೀಟರ್ ಹಿಂದಕ್ಕೆ ಹೋಗಿತ್ತು. ಎಂದರೆ ಈ ಹಿಂಸರಿತದ ಬಹುಪಾಲು ಇಂದಿನ ಇಂಗಾಲದ ಹೊಗೆ ಲೆಕ್ಕಕ್ಕೆ ಬರುವ ಮೊದಲೇ ನಡೆದುಹೋಗಿತ್ತು. ಕಡಲಿಗೆ ಬಂದು ಕೊನೆಗೊಳ್ಳುವ ಹಿಮನದಿಗೆ ತಾನೇ ತಳ್ಳಿ ತಂದ ಕಲ್ಲುಮಣ್ಣಿನ ದಿಬ್ಬವೇ ಆಸರೆ. ಅದರಿಂದ ಒಮ್ಮೆ ಹಿಂದೆ ಸರಿದು ಮುಖವು ಆಳದ ನೀರಿನಲ್ಲಿ ನಿಂತಿತೆಂದರೆ ಅದು ಒಡೆಯುವ ವೇಗ ಬಹಳ ಹೆಚ್ಚುತ್ತದೆ, ಮತ್ತೆ ಆಳವಿಲ್ಲದ ಜಾಗ ಸಿಗುವವರೆಗೂ ನಿಲ್ಲುವುದಿಲ್ಲ. ಇಲ್ಲಿ ನಡೆದದ್ದು ಬಹುಮಟ್ಟಿಗೆ ಅದು.

ಹಾಗಾದರೆ ಹವಾಮಾನ ಬದಲಾವಣೆ ಅಲ್ಲಿ ಕಾಣುವುದಿಲ್ಲವೇ? ಕಾಣುತ್ತದೆ, ಆದರೆ ಪ್ರವಾಸಿಗರು ನೋಡುವ ಕಡೆಯಲ್ಲಲ್ಲ. ಅಲಾಸ್ಕಾದ ಹಿಮನದಿಗಳು 1994ರಿಂದ 2013ರವರೆಗೆ ವರ್ಷಕ್ಕೆ ಸರಾಸರಿ 7,500 ಕೋಟಿ ಟನ್ ಹಿಮವನ್ನು ಕಳೆದುಕೊಂಡವು. ಇದರಲ್ಲಿ ಕಡಲಿಗೆ ಇಳಿಯುವ ಹಿಮನದಿಗಳ ಪಾಲು ತೀರಾ ಚಿಕ್ಕದು. ಉಳಿದುದೆಲ್ಲ ಒಳನಾಡಿನಲ್ಲಿ, ಯಾರ ಕ್ಯಾಮೆರಾಕ್ಕೂ ಬೀಳದೆ, ಬೇಸಿಗೆಯ ಬಿಸಿಗೆ ಮೇಲ್ಮೈಯಿಂದ ಕರಗಿ ಹೋದದ್ದು. ಹಿಮದ ಬಂಡೆಯೊಂದು ಗುಡುಗುತ್ತಾ ಕಡಲಿಗೆ ಬಿದ್ದಾಗ ಹಡಗಿನಲ್ಲಿ ಕೆಲವರು ಚಪ್ಪಾಳೆ ತಟ್ಟುತ್ತಾರೆ, ಕೆಲವರು ಕಣ್ಣೊರೆಸಿಕೊಳ್ಳುತ್ತಾರೆ. ಆರೋಗ್ಯವಾಗಿರುವ ಹಿಮನದಿಯೂ ಹಾಗೆ ಒಡೆಯುತ್ತದೆ, ಏಕೆಂದರೆ ಹಿಂದಿನಿಂದ ಹಿಮ ಹರಿದು ಬರುತ್ತಲೇ ಇರುತ್ತದೆ. ಕೊಲ್ಲಿಯ ತುದಿಯಲ್ಲಿರುವ ಮಾರ್ಜರಿ ಹಿಮನದಿ 4,671 ಮೀಟರ್ ಎತ್ತರದ ಫೇರ್‌ವೆದರ್ ಶಿಖರದ ಸಾಲಿನಿಂದ ಹಿಮವನ್ನು ಪಡೆಯುವುದರಿಂದ ದಶಕಗಳ ಕಾಲ ಹೆಚ್ಚೂ ಕಡಿಮೆ ಇದ್ದಲ್ಲೇ ನಿಂತಿತ್ತು. ಅದೇ ಕೊಲ್ಲಿಯ ಪೂರ್ವದ ಕವಲಿನಲ್ಲಿರುವ ಮ್ಯೂರ್ ಹಿಮನದಿಯನ್ನು ನೋಡಲು 1883ರಿಂದಲೇ ಉಗಿಹಡಗುಗಳಲ್ಲಿ ಪ್ರವಾಸಿಗರು ಬರುತ್ತಿದ್ದರು. 1899ರ ಭೂಕಂಪಕ್ಕೆ ಅದು ನುಚ್ಚುನೂರಾಗಿ ಕೊಲ್ಲಿ ತುಂಬ ಹಿಮಬಂಡೆಗಳು ತೇಲಿ ಹಡಗುಗಳ ಸಂಚಾರವೇ ನಿಂತುಹೋಯಿತು. ಇಂದು ಆ ಹಿಮನದಿ ಕಡಲನ್ನೂ ಮುಟ್ಟುವುದಿಲ್ಲ. ಒಂದೇ ಕೊಲ್ಲಿಯ ಎರಡು ಕವಲುಗಳ ಕಥೆ ಇಷ್ಟು ಬೇರೆ ಬೇರೆ.

ತಮ್ಮ ವಿದ್ಯಾರ್ಥಿಗಳಿಗೆ ಹಿಮಕ್ಕಿಂತ ಅಲ್ಲಿನ ನೆಲದ ಕಥೆಯನ್ನು ಮೊದಲು ಹೇಳಿ ಎಂದು ನನ್ನ ಸಲಹೆ. ಕೊಲ್ಲಿಯ ಬಾಯಲ್ಲಿ ಹಿಮ ಬಿಟ್ಟುಕೊಟ್ಟು ಇನ್ನೂರು ವರ್ಷಗಳಾಗಿರುವ ನೆಲದಲ್ಲಿ ಸ್ಪ್ರೂಸ್ ಮತ್ತು ಹೆಮ್ಲಾಕ್ ಮರಗಳ ಕತ್ತಲ ಕಾಡಿದೆ. ಒಳಗೆ ಹೋದಂತೆ ಮರಗಳು ಚಿಕ್ಕವಾಗುತ್ತವೆ. ಆಮೇಲೆ ಆಲ್ಡರ್ ಪೊದೆ, ಆಮೇಲೆ ನೆಲಕ್ಕಂಟಿದ ಸಣ್ಣ ಗಿಡ, ಕೊನೆಗೆ ಬರಿಯ ಬಂಡೆಯ ಮೇಲೆ ಪಾಚಿ ಮತ್ತು ಕಲ್ಲುಹೂವು. ಒಂದೇ ದಿನದ ಹಡಗಿನ ಪಯಣದಲ್ಲಿ ಕಾಡೊಂದು ಹುಟ್ಟಿದ ಬಗೆಯನ್ನು ಹಿಂದುಮುಂದಾಗಿ ಓದಿದಂತಾಗುತ್ತದೆ. ಪರಿಸರ ವಿಜ್ಞಾನಿ ವಿಲಿಯಂ ಕೂಪರ್ 1916ರಲ್ಲಿ ಅಲ್ಲಿ ಚೌಕಗಳನ್ನು ಗುರುತುಮಾಡಿ, ಯಾವ ಗಿಡ ಯಾವಾಗ ಬರುತ್ತದೆಂದು ವರ್ಷಗಟ್ಟಲೆ ದಾಖಲಿಸಿದರು. 1925ರಲ್ಲಿ ಆ ಪ್ರದೇಶಕ್ಕೆ ರಕ್ಷಣೆ ಸಿಕ್ಕಿದ್ದರಲ್ಲಿ ಅವರ ಶ್ರಮ ದೊಡ್ಡದು. ಆಲ್ಡರ್ ಗಿಡದ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದಿಡುವ ಸೂಕ್ಷ್ಮಾಣು ಇದೆ, ಅದರ ಹೆಸರು ಫ್ರಾಂಕಿಯಾ. ನಮ್ಮ ಕರಾವಳಿಯ ಮರಳಿನಲ್ಲಿ ನೆಟ್ಟಿರುವ ಗಾಳಿಮರದ ಬೇರಿನಲ್ಲಿಯೂ ಇದೇ ಬಳಗದ ಸೂಕ್ಷ್ಮಾಣುಗಳಿವೆ. ಬರಡು ಕಲ್ಲಿನಲ್ಲಿ ಕಾಡು ಏಳುವುದಕ್ಕೆ ಗೊಬ್ಬರ ಬರುವುದು ಎಲ್ಲಿಂದ ಎಂದು ಮಕ್ಕಳು ಕೇಳಿದರೆ ಗಾಳಿಮರದ ಬೇರನ್ನು ಅಗೆದು ತೋರಿಸಬಹುದು.

ಇನ್ನೊಂದು ಸಂಗತಿ. ಸಾವಿರ ಮೀಟರಿಗೂ ಮಿಗಿಲಾದ ದಪ್ಪದ ಹಿಮದ ಭಾರ ಇಳಿದ ಮೇಲೆ ಅಲ್ಲಿನ ನೆಲ ಇನ್ನೂ ಮೇಲೇಳುತ್ತಿದೆ, ವರ್ಷಕ್ಕೆ ಸುಮಾರು 30 ಮಿಲಿಮೀಟರ್. ಕೊಲ್ಲಿಯ ಬಾಯಲ್ಲಿರುವ ಗಸ್ಟೇವಸ್ ಊರಿನವರಿಗೆ ಕಡಲ ದಡದಲ್ಲಿ ಹೊಸ ನೆಲ ಸಿಗುತ್ತಲೇ ಇದೆ.

ಪ್ರಶ್ನೆ: ಹಿಮ ಬಿಳಿಯಾಗಿರಬೇಕಲ್ಲವೇ? ಚಿತ್ರಗಳಲ್ಲಿ ಹಿಮನದಿ ಅಷ್ಟು ಗಾಢ ನೀಲಿಯಾಗಿ ಕಾಣುವುದು ಕ್ಯಾಮೆರಾದ ಕೈಚಳಕವೇ?
— ಪಿಯುಸಿ ವಿದ್ಯಾರ್ಥಿ, ಹಾಸನ

ಕೈಚಳಕವಲ್ಲ; ಬರಿಗಣ್ಣಿಗೂ ಅದು ನೀಲಿಯೇ. ಹೊಸದಾಗಿ ಬಿದ್ದ ಹಿಮದಲ್ಲಿ ಗಾಳಿ ತುಂಬಿರುವುದರಿಂದ ಬೆಳಕು ಎಲ್ಲ ದಿಕ್ಕಿಗೂ ಚದುರಿ ಬಿಳಿಯಾಗಿ ಕಾಣುತ್ತದೆ. ವರ್ಷದ ಮೇಲೆ ವರ್ಷ ಹಿಮ ಪೇರಿಕೊಂಡು ಕೆಳಗಿನ ಪದರ ಒತ್ತಿಹೋದಾಗ ಗಾಳಿ ಹೊರಬಿದ್ದು, ಉಳಿದದ್ದು ಪುಟ್ಟ ಗುಳ್ಳೆಗಳಾಗಿ ಕುಗ್ಗಿ, ದೊಡ್ಡ ಹರಳುಗಳ ಗಟ್ಟಿ ಹಿಮಗಡ್ಡೆಯಾಗುತ್ತದೆ. ಅದರೊಳಗೆ ಬೆಳಕು ಬಹುದೂರ ಸಾಗುವಾಗ ಕೆಂಪು ಭಾಗವನ್ನು ಹಿಮವೇ ಹೀರಿಕೊಳ್ಳುತ್ತದೆ, ಹೊರಬರುವುದು ನೀಲಿ. ಈಗತಾನೇ ಬಂಡೆ ಒಡೆದುಬಿದ್ದ ಜಾಗದಲ್ಲಿ ನೀಲಿ ಹೆಚ್ಚು ಗಾಢವಾಗಿರುತ್ತದೆ. ಬಿಸಿಲಿಗೆ ಮೇಲ್ಮೈ ಬಿರುಕುಬಿಟ್ಟಂತೆ ಮತ್ತೆ ಬೆಳ್ಳಗಾಗುತ್ತದೆ. ಮೋಡ ಕವಿದ ದಿನ ಈ ಬಣ್ಣ ಚೆನ್ನಾಗಿ ಕಾಣುವುದರಿಂದ ಅಲ್ಲಿ ಮಳೆಗಾಲದ ಆಕಾಶವನ್ನು ಬೈಯುವಂತಿಲ್ಲ.

ಕಿವಿಯನ್ನೂ ತೆರೆದಿಟ್ಟುಕೊಳ್ಳಬೇಕು. ಎಂಜಿನ್ ನಿಲ್ಲಿಸಿ ಕಯಾಕಿನಲ್ಲಿ ಕುಳಿತರೆ ಸುತ್ತ ತೇಲುವ ಹಿಮದ ತುಂಡುಗಳಿಂದ ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂಥ ಸದ್ದು ಬರುತ್ತಿರುತ್ತದೆ: ಒತ್ತಡದಲ್ಲಿ ಸಿಕ್ಕಿಬಿದ್ದಿದ್ದ ಹಳೆಯ ಗಾಳಿಯ ಗುಳ್ಳೆಗಳು ಒಡೆಯುವ ಸದ್ದು ಅದು. ದೊಡ್ಡ ಬಂಡೆ ಬೀಳುವಾಗ ಮಾತ್ರ ಕಿವಿಗಿಂತ ಕಣ್ಣು ಮುಂದಿರಬೇಕು. ಅರ್ಧ ಕಿಲೋಮೀಟರ್ ದೂರದಲ್ಲಿದ್ದರೆ ಹಿಮ ಕುಸಿಯುವುದು ಮೊದಲು ಕಾಣುತ್ತದೆ, ಗುಡುಗು ಒಂದೂವರೆ ಸೆಕೆಂಡಿನ ಮೇಲೆ ಕೇಳುತ್ತದೆ. ಸದ್ದು ಕೇಳಿ ತಲೆಯೆತ್ತಿದವನಿಗೆ ಕಾಣುವುದು ನೀರಿನ ಚಿಮ್ಮು ಮಾತ್ರ.

ಪ್ರಶ್ನೆ: ತಿಮಿಂಗಿಲ ಕಾಣುವುದು ಖಚಿತವೇ? ಎಷ್ಟು ಹತ್ತಿರದಿಂದ? ನಮ್ಮ ಕಡಲಲ್ಲೂ ಅವು ಇವೆಯೆಂದು ಮೀನುಗಾರರು ಹೇಳುತ್ತಾರೆ, ನಿಜವೇ?
— ಓದುಗ, ಮಂಗಳೂರು

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ನಿಜ. ಅಲಾಸ್ಕಾದಲ್ಲಿ ಕಾಣುವ ಹಂಪ್‌ಬ್ಯಾಕ್ ಜಾತಿಯ ತಿಮಿಂಗಿಲಗಳ ಒಂದು ಪ್ರತ್ಯೇಕ ಬಳಗ ಅರಬ್ಬಿ ಸಮುದ್ರದಲ್ಲಿದೆ. ಉಳಿದೆಡೆಯ ಹಂಪ್‌ಬ್ಯಾಕ್‌ಗಳಂತೆ ಅವು ವರ್ಷಕ್ಕೊಮ್ಮೆ ಧ್ರುವದ ಕಡೆಗೆ ವಲಸೆ ಹೋಗುವುದಿಲ್ಲ. ಅವುಗಳ ಸಂಖ್ಯೆ ಬಹಳ ಕಡಿಮೆ. 2017ರ ಕೊನೆಯಲ್ಲಿ ಒಮಾನ್ ತೀರದಲ್ಲಿ ಉಪಗ್ರಹದ ಟ್ಯಾಗ್ ಹಾಕಲಾದ ಲುಬಾನ್ ಎಂಬ ಹೆಣ್ಣು ತಿಮಿಂಗಿಲ ಅರಬ್ಬಿ ಸಮುದ್ರವನ್ನು ದಾಟಿ ಭಾರತದ ತೆಂಕಣ ತುದಿಯವರೆಗೂ ಬಂದಿತ್ತು. ನಿಮ್ಮ ಮೀನುಗಾರರು ಹೇಳುವುದನ್ನು ದಿನಾಂಕ, ಜಾಗ, ಸಾಧ್ಯವಾದರೆ ಒಂದು ಚಿತ್ರದೊಂದಿಗೆ ಬರೆದಿಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಅಷ್ಟು ವಿರಳವಾದ ಪ್ರಾಣಿಯ ಪ್ರತಿಯೊಂದು ದಾಖಲೆಗೂ ಬೆಲೆಯಿದೆ.

ಇನ್ನು ಅಲಾಸ್ಕಾ. ಅಲ್ಲಿಗೆ ಬೇಸಿಗೆಯಲ್ಲಿ ಬರುವ ಹಂಪ್‌ಬ್ಯಾಕ್‌ಗಳಲ್ಲಿ ಹೆಚ್ಚಿನವು ಚಳಿಗಾಲವನ್ನು ಹವಾಯಿಯ ಬೆಚ್ಚನೆಯ ನೀರಿನಲ್ಲಿ ಕಳೆಯುತ್ತವೆ. ಅಲ್ಲಿ ಮರಿಹಾಕಿ, ಹೆಚ್ಚೂ ಕಡಿಮೆ ಏನನ್ನೂ ತಿನ್ನದೆ ಉಪವಾಸವಿದ್ದು, ನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚು ಈಜಿ ಮರಳಿ ಬರುತ್ತವೆ. ಬೇಸಿಗೆಯ ಕೆಲವೇ ತಿಂಗಳಲ್ಲಿ ಇಡೀ ವರ್ಷದ ಕೊಬ್ಬನ್ನು ಮೈಮೇಲೆ ಹಾಕಿಕೊಳ್ಳಬೇಕು. ಆದುದರಿಂದ ಅಲ್ಲಿ ನಾವು ನೋಡುವುದು ಊಟಕ್ಕೆ ಕುಳಿತ ಪ್ರಾಣಿಯನ್ನು. ಅದರ ಒಂದೊಂದು ಗಂಟೆಗೂ ಲೆಕ್ಕವಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ಒಂದು ವಾರ ಹಡಗಿನಲ್ಲಿದ್ದವರಿಗೆ ತಿಮಿಂಗಿಲ ಕಾಣದೇ ಇರುವುದು ಅಪರೂಪ.

ಚಥಮ್ ಜಲಸಂಧಿಯಲ್ಲಿ ಒಂದು ಬೆಳಿಗ್ಗೆ ಕಂಡದ್ದನ್ನು ಹೇಳುತ್ತೇನೆ. ನೀರು ನಿಶ್ಚಲವಾಗಿತ್ತು. ಮೊದಲು ಒಂದು ಗುಳ್ಳೆ, ಅದರ ಪಕ್ಕ ಇನ್ನೊಂದು, ಹೀಗೆ ರಂಗೋಲಿಯ ಚುಕ್ಕಿಯಿಟ್ಟಂತೆ ನೀರಿನ ಮೇಲೆ ದೊಡ್ಡ ವೃತ್ತವೊಂದು ಮೂಡಿತು. ಕೆಳಗೆ ಒಂದು ತಿಮಿಂಗಿಲ ಸುತ್ತು ಬರುತ್ತಾ ಉಸಿರು ಬಿಟ್ಟು ಗುಳ್ಳೆಯ ಬಲೆ ಹೆಣೆಯುತ್ತಿತ್ತು, ಇನ್ನೊಂದು ಕೂಗಿ ಹೆರಿಂಗ್ ಮೀನುಗಳನ್ನು ಬೆದರಿಸಿ ಮೇಲಕ್ಕೆ ಅಟ್ಟುತ್ತಿತ್ತು. ನಿಸರ್ಗತಜ್ಞೆ ನೀರಿಗಿಳಿಸಿದ್ದ ಮೈಕಿನಲ್ಲಿ ಆ ಕೂಗು ಕಹಳೆಯಂತೆ ಕೇಳಿಸಿತು. ಕೂಗು ನಿಂತ ಮರುಗಳಿಗೆ ಏಳೆಂಟು ತಿಮಿಂಗಿಲಗಳು ಬಾಯಿ ತೆರೆದುಕೊಂಡು ವೃತ್ತದ ನಟ್ಟನಡುವೆ ಒಟ್ಟಿಗೆ ಮೇಲೆದ್ದವು. ಕಡಲ ಹಕ್ಕಿಗಳಿಗೆ ವೃತ್ತ ಮುಗಿಯುವ ಮೊದಲೇ ಜಾಗ ಗೊತ್ತಾಗಿರುತ್ತದೆ. ದುರ್ಬೀನನ್ನು ಹಕ್ಕಿಗಳ ಮೇಲಿಟ್ಟರೆ ಸಾಕು. ಎಲ್ಲ ಹಂಪ್‌ಬ್ಯಾಕ್‌ಗಳಿಗೂ ಈ ವಿದ್ಯೆ ಬರುವುದಿಲ್ಲ. ಅವು ಒಂದರಿಂದ ಒಂದು ಕಲಿತು ಉಳಿಸಿಕೊಂಡು ಬಂದಿರುವಂಥದ್ದು.

ಎಷ್ಟು ಹತ್ತಿರ ಎಂದು ಕೇಳಿದ್ದೀರಿ. ಅಲಾಸ್ಕಾದ ನೀರಿನಲ್ಲಿ ಯಾವ ದೋಣಿಯೂ ಹಂಪ್‌ಬ್ಯಾಕ್‌ನಿಂದ 100 ಗಜದೊಳಗೆ, ಅಂದರೆ 91 ಮೀಟರಿನೊಳಗೆ, ಹೋಗಕೂಡದು. ಗ್ಲೇಸಿಯರ್ ಬೇಯಲ್ಲಿ ಆ ಅಂತರ ಕಾಲು ನಾವಿಕ ಮೈಲು, ಸುಮಾರು 460 ಮೀಟರ್. ತಿಮಿಂಗಿಲಗಳು ಹೆಚ್ಚಿದ್ದಾಗ ಅಲ್ಲಿ ಹಡಗಿನ ವೇಗವನ್ನು 13 ನಾಟ್‌ಗೆ, ಅಂದರೆ ಗಂಟೆಗೆ ಸುಮಾರು 24 ಕಿಲೋಮೀಟರಿಗೆ, ಇಳಿಸುತ್ತಾರೆ. ಈ ನಿಯಮಗಳ ಹಿಂದೆ ನಡೆದ ಸಂಗತಿಗಳಿವೆ. 1978ರ ಬೇಸಿಗೆಯಲ್ಲಿ ತಿಮಿಂಗಿಲಗಳು ಇದ್ದಕ್ಕಿದ್ದಂತೆ ಕೊಲ್ಲಿಯನ್ನು ಬಿಟ್ಟುಹೋದವು. ಹಡಗುಗಳ ಗದ್ದಲವೇ ಕಾರಣವಿರಬಹುದೆಂಬ ಚಿಂತೆಯಿಂದ ಹಡಗುಗಳ ಸಂಖ್ಯೆಗೆ ಮಿತಿ ಬಂತು. 2001ರಲ್ಲಿ ಸ್ನೋ ಎಂದು ಹೆಸರಿಟ್ಟಿದ್ದ ಬಸುರಿ ತಿಮಿಂಗಿಲವೊಂದು ದೊಡ್ಡ ಹಡಗಿಗೆ ಸಿಕ್ಕಿ ಸತ್ತಿತು. ಅದರ ಎಲುಬುಗಳನ್ನು ಜೋಡಿಸಿ ಬಾರ್ಟ್ಲೆಟ್ ಕೋವ್‌ನಲ್ಲಿ ಕಾಡಿನಂಚಿಗೆ ಮಾಡಿನಡಿ ನಿಲ್ಲಿಸಿದ್ದಾರೆ. ಅಲ್ಲಿಗೆ ಹೋದವರು ಹಿಮನದಿಗೆ ಹೊರಡುವ ಮೊದಲು ಅದರ ತಲೆಯಿಂದ ಬಾಲದವರೆಗೆ ನಿಧಾನವಾಗಿ ಒಮ್ಮೆ ನಡೆದು ನೋಡಬೇಕು.

ಮೊದಲ ಪ್ರವಾಸದಲ್ಲಿ ನಾನೂ ಒಂದು ದಿನದ ತಿಮಿಂಗಿಲ ವೀಕ್ಷಣೆಯ ದೋಣಿ ಹತ್ತಿದ್ದೆ. ತಿಮಿಂಗಿಲ ಕಾಣದಿದ್ದರೆ ಹಣ ವಾಪಸು ಎಂಬ ಮಾತು ಕೇಳಿ ಸಂತೋಷಪಟ್ಟಿದ್ದೆ. ಆ ಮಾತನ್ನು ಉಳಿಸಿಕೊಳ್ಳಲು ನಮ್ಮದೂ ಸೇರಿ ಹತ್ತಕ್ಕೂ ಹೆಚ್ಚು ದೋಣಿಗಳು ಒಂದು ತಾಯಿಯನ್ನೂ ಮರಿಯನ್ನೂ ಸುತ್ತುವರಿದು, ಅವು ಮುಳುಗಿದ ಕಡೆಗೆಲ್ಲ ಓಡಿದವು. ಆ ದಿನದ ಚಿತ್ರಗಳನ್ನು ನಾನು ಯಾರಿಗೂ ತೋರಿಸಿಲ್ಲ. ಖಚಿತವಾಗಿ ತೋರಿಸುತ್ತೇವೆ ಎನ್ನುವವರ ದೋಣಿ ಹತ್ತಬೇಡಿ ಎಂದು ಹೇಳುವುದಕ್ಕಾಗಿ ಇದನ್ನು ಬರೆದೆ.

ಬಾಲದ ಅಡಿಯ ಚಿತ್ರ ಸಿಕ್ಕಿದರೆ ಅದನ್ನು ಜೋಪಾನ ಮಾಡಿ. ಬೆರಳಚ್ಚಿನಂತೆ ಒಂದೊಂದು ಹಂಪ್‌ಬ್ಯಾಕ್‌ನ ಬಾಲದಡಿಯ ಕಪ್ಪು ಬಿಳಿ ಗುರುತು ಬೇರೆ ಬೇರೆಯಾಗಿರುತ್ತದೆ. ಹ್ಯಾಪಿವೇಲ್ ಎಂಬ ಸಂಗ್ರಹಕ್ಕೆ ಪ್ರವಾಸಿಗರು ಕಳಿಸಿದ ಇಂಥ ಚಿತ್ರಗಳೂ ಸೇರಿ, ಉತ್ತರ ಪೆಸಿಫಿಕ್‌ನಲ್ಲಿ 2012ರಲ್ಲಿ ಸುಮಾರು 33,000 ಇದ್ದ ಹಂಪ್‌ಬ್ಯಾಕ್‌ಗಳು 2021ಕ್ಕೆ ಸುಮಾರು 27,000ಕ್ಕೆ ಇಳಿದವೆಂಬುದು ತಿಳಿದುಬಂತು. 2014ರಿಂದ 2016ರವರೆಗೆ ಆ ಸಾಗರದಲ್ಲಿ ಬೀಸಿದ ಬಿಸಿನೀರಿನ ಅಲೆ ಅವುಗಳ ಆಹಾರವನ್ನು ಕುಗ್ಗಿಸಿದ್ದೇ ಮುಖ್ಯ ಕಾರಣವೆಂದು ವಿಜ್ಞಾನಿಗಳು ತಿಳಿಯುತ್ತಾರೆ.

ಪ್ರಶ್ನೆ: ನಾನು ಸಿಯಾಟಲ್‌ನಲ್ಲಿದ್ದೇನೆ. ತುಮಕೂರಿನಿಂದ ಬರುವ ಅಪ್ಪ (72) ಮತ್ತು ಅಮ್ಮನನ್ನು (68) ಇಂಥ ಹಡಗಿಗೆ ಕರೆದೊಯ್ಯಬಹುದೇ? ಅಮ್ಮನಿಗೆ ಮಂಡಿನೋವು, ಇಬ್ಬರೂ ಶುದ್ಧ ಸಸ್ಯಾಹಾರಿಗಳು.
— ಓದುಗಿ, ಸಿಯಾಟಲ್

ಕರೆದೊಯ್ಯಬಹುದು, ಆದರೆ ಮೂರು ತೊಡಕುಗಳನ್ನು ಮೊದಲೇ ಬಗೆಹರಿಸಿಕೊಳ್ಳಿ. ಅನೇಕ ಸಣ್ಣ ಹಡಗುಗಳಲ್ಲಿ ಲಿಫ್ಟ್ ಇರುವುದಿಲ್ಲ, ಮೆಟ್ಟಿಲುಗಳು ಕಡಿದಾಗಿರುತ್ತವೆ. ಅಮ್ಮನವರಿಗೆ ಊಟದ ಮನೆಯಿರುವ ಅಂತಸ್ತಿನಲ್ಲೇ ಕೋಣೆ ಕೇಳಿ. ಅನೇಕ ಹಡಗುಗಳಲ್ಲಿ ವೈದ್ಯರೂ ಇರುವುದಿಲ್ಲ, ಹತ್ತಿರದ ಆಸ್ಪತ್ರೆಗೆ ಹೆಲಿಕಾಪ್ಟರಿನಲ್ಲೋ ತೇಲುವಿಮಾನದಲ್ಲೋ ಸಾಗಿಸಬೇಕಾಗುತ್ತದೆ. ಆದುದರಿಂದ ತುರ್ತು ಸಾಗಾಟದ ಖರ್ಚನ್ನು ಭರಿಸುವ ವಿಮೆಯಿಲ್ಲದೆ ಹಿರಿಯರನ್ನು ಹತ್ತಿಸಲೇಬೇಡಿ. ಮೂರನೆಯದು ರಬ್ಬರ್ ದೋಣಿ: ಹಡಗಿನಿಂದ ಅದಕ್ಕೆ ಇಳಿಯುವಾಗ ಒಂದು ಕಾಲಿನ ಮೇಲೆ ಗಳಿಗೆ ಹೊತ್ತು ನಿಲ್ಲಬೇಕಾಗುತ್ತದೆ. ಅದು ಆಗದಿದ್ದರೆ ದಿನದ ಒಂದು ಭಾಗವನ್ನು ಅವರು ಹಡಗಿನಲ್ಲೇ ಕಳೆಯಬೇಕು. ಅದೇನೂ ನಷ್ಟವಲ್ಲ, ಮೇಲಂತಸ್ತಿನ ಕುರ್ಚಿಯಿಂದ ನಾನು ಎಷ್ಟೋ ಹೆಚ್ಚು ಪ್ರಾಣಿಗಳನ್ನು ಕಂಡಿದ್ದೇನೆ.

ವಾಕರಿಕೆಯ ಭಯ ಬೇಡ. ಈ ದಾರಿಯ ಬಹುಪಾಲು ದ್ವೀಪಗಳ ಮರೆಯಲ್ಲಿ ಸಾಗುವುದರಿಂದ ನೀರು ಕೆರೆಯಂತಿರುತ್ತದೆ. ಸಸ್ಯಾಹಾರದ ವಿಷಯವನ್ನು ಬುಕಿಂಗ್ ಮಾಡುವಾಗಲೇ ಬರೆದು ತಿಳಿಸಿ. ಮೀನಿನ ಸಾರು, ಮೊಟ್ಟೆ ಬೇಡವೆಂಬುದನ್ನು ಬಿಡಿಸಿ ಹೇಳಿ, ಏಕೆಂದರೆ ಆ ಕಡೆ ಮೀನನ್ನು ಸಸ್ಯಾಹಾರಕ್ಕೆ ಸೇರಿಸುವವರೂ ಇದ್ದಾರೆ. ಉಪ್ಪಿನಕಾಯಿ, ಚಟ್ನಿಪುಡಿ ಕೈಚೀಲದಲ್ಲಿರಲಿ. ಬೇಸಿಗೆಯ ಹಗಲಿನಲ್ಲೂ ಉಷ್ಣಾಂಶ 10ರಿಂದ 18 ಡಿಗ್ರಿ ಮಾತ್ರ, ಹಿಮದ ಮುಂದೆ ಇನ್ನೂ ಕಡಿಮೆ. ಒಂದು ದಪ್ಪ ಕೋಟಿಗಿಂತ ಉಣ್ಣೆಯ ಮೇಲೆ ಉಣ್ಣೆ ಹಾಕಿ ಹೊರಗೆ ಮಳೆಯಂಗಿ ತೊಡಿಸಿ. ಕೆಚಿಕಾನ್‌ನಲ್ಲಿ ವರ್ಷಕ್ಕೆ ಸುಮಾರು 3,800 ಮಿಲಿಮೀಟರ್ ಮಳೆ ಬೀಳುತ್ತದೆ, ಆದರೆ ಅದು ಆಗುಂಬೆಯ ಜಡಿಮಳೆಯಲ್ಲ, ದಿನವಿಡೀ ಸೋನೆ. ಇಬ್ಬರಿಗೂ ಪ್ರತ್ಯೇಕ ದುರ್ಬೀನು ಕೊಡಿಸಿ. ಒಂದನ್ನೇ ಹಂಚಿಕೊಂಡರೆ ಯಾವಾಗಲೂ ಒಬ್ಬರಿಗೆ ತಿಮಿಂಗಿಲದ ಬದಲು ನೀರಷ್ಟೇ ಸಿಗುತ್ತದೆ.

ಪ್ರಶ್ನೆ: ಕರಡಿಗಳಿರುವ ದಡಕ್ಕೆ ಪ್ರವಾಸಿಗರನ್ನು ಇಳಿಸುತ್ತಾರಂತೆ. ಅಪಾಯವಲ್ಲವೇ?
— ಕೃಷಿಕ, ಸಾಗರ

ಕಂದು ಕರಡಿಗಳು ಅಡ್ಮಿರಾಲ್ಟಿ ದ್ವೀಪವೊಂದರಲ್ಲೇ ಸುಮಾರು 1,600 ಇವೆ, ಅಂದರೆ ಒಂದು ಚದರ ಮೈಲಿಗೆ ಒಂದು. ಟ್ಲಿಂಗಿಟ್ ಭಾಷೆಯಲ್ಲಿ ಆ ದ್ವೀಪಕ್ಕೆ ಕರಡಿಗಳ ಕೋಟೆ ಎಂಬ ಅರ್ಥದ ಹೆಸರಿದೆ. ಗುಂಪಾಗಿ ನಡೆಯುವುದು, ಮಾತಾಡುತ್ತಾ ಇರುವುದು, ತಿಂಡಿಯ ಒಂದು ಚೂರನ್ನೂ ದಡಕ್ಕೆ ಒಯ್ಯದಿರುವುದು, ಓಡದಿರುವುದು, ಈ ಶಿಸ್ತನ್ನು ಪಾಲಿಸಿದರೆ ಅಪಾಯ ಬಹಳ ಕಡಿಮೆ. ಮಲೆನಾಡಿನ ಕರಡಿಯ ಎದುರಿಗೆ ಇದ್ದಕ್ಕಿದ್ದಂತೆ ಬೀಳಬಾರದೆಂದು ತಮಗೆ ನಾನು ಹೇಳಬೇಕಾಗಿಲ್ಲ. ಅಲ್ಲಿಯೂ ಮುಖ್ಯ ನಿಯಮ ಅದೇ.

ಕೃಷಿಕರಾದ ತಮಗೆ ಹಿಡಿಸಬಹುದಾದ ಇನ್ನೊಂದು ಮಾತಿದೆ. ಜುಲೈನಿಂದ ಸಾಮನ್ ಮೀನುಗಳು ಮೊಟ್ಟೆಯಿಡಲು ಕಡಲಿನಿಂದ ತೊರೆಗಳನ್ನೇರಿ ಬರುತ್ತವೆ. ಕರಡಿಗಳು ಅವನ್ನು ಹಿಡಿದು ಕಾಡಿನೊಳಕ್ಕೆ ಒಯ್ದು, ಹೊಟ್ಟೆ ತುಂಬಿದ ದಿನಗಳಲ್ಲಿ ತಲೆ ಮತ್ತು ಮೊಟ್ಟೆಯನ್ನಷ್ಟೇ ತಿಂದು ಉಳಿದುದನ್ನು ಮರಗಳ ಬುಡದಲ್ಲಿ ಬಿಟ್ಟುಹೋಗುತ್ತವೆ. ಕಡಲಿನಿಂದ ಬಂದ ಆ ಸಾರಜನಕವನ್ನು ತೊರೆಯ ದಡದ ಮರಗಳಲ್ಲಿ ಅಳೆದು ಗುರುತಿಸಿದ್ದಾರೆ. ಅಲ್ಲಿನ ಮರಗಳಿಗೆ ಗೊಬ್ಬರ ಹೊರುವುದು ಕರಡಿ.

ಪ್ರಶ್ನೆ: ಕಳೆದ ವರ್ಷಗಳಲ್ಲಿ ಅಲಾಸ್ಕಾದ ಕಡಲಚಾಚಿನಲ್ಲಿ ಗುಡ್ಡ ಕುಸಿದು ಸುನಾಮಿ ಎದ್ದಿತೆಂದು ಓದಿದೆ. ಹಡಗುಗಳು ಅಲ್ಲಿಗೆ ಹೋಗುತ್ತವೆಯೇ?
— ಓದುಗ, ಮಡಿಕೇರಿ

ನೀವು ಓದಿದ್ದು ಜೂನೋದ ದಕ್ಷಿಣಕ್ಕೆ ಬೆಟ್ಟಗಳ ನಡುವೆ ಒಳಚಾಚಿರುವ ಕಡಲಿನ ಕವಲಾದ ಟ್ರೇಸಿ ಆರ್ಮ್‌ನ ಸುದ್ದಿ. 2025ರ ಆಗಸ್ಟ್ 10ರ ಬೆಳಗಿನ ಜಾವ ಸೌತ್ ಸಾಯರ್ ಹಿಮನದಿಯ ಬಳಿ ಗುಡ್ಡದ ಒಂದು ಪಾರ್ಶ್ವ ಕುಸಿದು, ನೀರು ಎದುರು ದಡದ ಮೇಲೆ 400 ಮೀಟರಿಗೂ ಎತ್ತರಕ್ಕೆ ಏರಿ ಮರಗಳನ್ನೆಲ್ಲ ಕೊಚ್ಚಿಕೊಂಡು ಹೋಯಿತು. ಜೀವಹಾನಿಯಾಗಲಿಲ್ಲ. ಕೆಲವು ಗಂಟೆಗಳ ನಂತರವಾಗಿದ್ದರೆ ಅಲ್ಲಿ ಹಡಗುಗಳಿರುವ ಹೊತ್ತು. ಕಣಿವೆಯ ಗೋಡೆಗೆ ಒತ್ತಾಗಿದ್ದ ಹಿಮ ಹಿಂದೆ ಸರಿದಾಗ ಬಂಡೆ ಆಸರೆ ಕಳೆದುಕೊಳ್ಳುತ್ತದೆ. ಕೊಡಗಿನಲ್ಲಿ ಬೆಟ್ಟ ಜಾರುವುದನ್ನು ಕಂಡಿರುವ ನಿಮಗೆ ಕಾರಣ ಬೇರೆಯಾದರೂ ಭಯ ಹೊಸದಲ್ಲ. ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನದ ಹೊರ ಕರಾವಳಿಯಲ್ಲಿರುವ ಲಿಟುಯಾ ಕೊಲ್ಲಿಯಲ್ಲಿ 1958ರ ಜುಲೈ 9ರಂದು ಭೂಕಂಪದಿಂದ ಬಂಡೆ ಕುಸಿದಾಗ ನೀರು 524 ಮೀಟರ್ ಎತ್ತರದವರೆಗಿನ ಕಾಡನ್ನು ತೊಳೆದುಹಾಕಿತ್ತು. ಇಂಥ ಕಡಲಚಾಚುಗಳ ಕೊನೆಯವರೆಗೆ ಹೋಗುವ ಹಡಗನ್ನೇ ಆರಿಸುವುದಾದರೆ ಈ ಅಪಾಯವನ್ನು ಅವರು ಹೇಗೆ ಪರಿಗಣಿಸುತ್ತಾರೆಂದು ಕೇಳಿ. ದಾರಿ ಬದಲಾಯಿತೆಂದು ಕ್ಯಾಪ್ಟನ್ ಹೇಳಿದರೆ ತಕರಾರು ಮಾಡಬೇಡಿ.

ಪ್ರಶ್ನೆ: ಕರಗುವ ಹಿಮ ನೋಡಲು ಅರ್ಧ ಭೂಮಿ ಸುತ್ತಿ ವಿಮಾನದಲ್ಲಿ ಹೋಗಿ, ಡೀಸೆಲ್ ಸುಡುವ ಹಡಗು ಹತ್ತುವುದು ಸರಿಯೇ? ಹಣವಿಲ್ಲದವರಿಗೆ ಬೇರೆ ದಾರಿ ಇದೆಯೇ? ಯಾವ ತಿಂಗಳು ಒಳ್ಳೆಯದು?
— ಸ್ನಾತಕೋತ್ತರ ವಿದ್ಯಾರ್ಥಿನಿ, ಬೆಂಗಳೂರು

ಮೊದಲ ಪ್ರಶ್ನೆಗೆ ನನ್ನಲ್ಲಿ ಹಗುರವಾದ ಉತ್ತರವಿಲ್ಲ. ಬೆಂಗಳೂರಿನಿಂದ ಜೂನೋಗೆ ಹೋಗಿ ಬರುವ ವಿಮಾನದ ಹೊಗೆಯನ್ನು ಯಾವ ಮರ ನೆಟ್ಟರೂ ಅಳಿಸಿದಂತಾಗುವುದಿಲ್ಲವೆಂದೇ ನನ್ನ ಅಭಿಪ್ರಾಯ. ನಾನು ಮೂರನೆಯ ಸಲ ಹೋಗಬಾರದೆಂದು ನಿರ್ಧರಿಸಿದ್ದೇನೆ. ಅಮೆರಿಕದಲ್ಲಿ ಓದಲು, ಕೆಲಸ ಮಾಡಲು, ಮಕ್ಕಳನ್ನು ನೋಡಲು ಹೇಗೂ ಹೋಗಿರುವವರು ಅಲ್ಲಿಂದ ಮುಂದುವರಿದು ಒಂದೇ ಸಲ, ಹೆಚ್ಚು ದಿನ ಇದ್ದು ಬರಲಿ. ಇದಕ್ಕೆಂದೇ ಇಲ್ಲಿಂದ ಒಂದು ವಾರಕ್ಕೆ ಹೋಗಿ ಬರುವುದನ್ನು ನಾನು ಪ್ರೋತ್ಸಾಹಿಸಲಾರೆ.

ಎರಡನೆಯದಕ್ಕೆ ಒಳ್ಳೆಯ ಉತ್ತರವಿದೆ. ಸಣ್ಣ ಹಡಗಿನ ಒಂದು ವಾರಕ್ಕೆ ಒಬ್ಬರಿಗೆ ಹಲವು ಲಕ್ಷ ರೂಪಾಯಿ ಬೇಕು. ಆದರೆ ಅಲಾಸ್ಕಾ ರಾಜ್ಯವೇ 1963ರಿಂದ ನಡೆಸುತ್ತಿರುವ ಸಾರ್ವಜನಿಕ ಹಡಗುಗಳು ಇದೇ ದ್ವೀಪಗಳ ನಡುವೆ ಸಂಚರಿಸುತ್ತವೆ. ಅವು ನಮ್ಮ ಸರ್ಕಾರಿ ಬಸ್ಸಿನಂತೆ ಊರವರ ವಾಹನ. ಮೀನುಗಾರರು, ಶಾಲೆಯ ಮಕ್ಕಳು, ಸಾಮಾನು ತುಂಬಿದ ಲಾರಿಗಳು ಅದರಲ್ಲೇ ಹೋಗುತ್ತವೆ. ಅದರಲ್ಲಿ ಗಸ್ಟೇವಸ್ ತಲುಪಿದರೆ ಬಾರ್ಟ್ಲೆಟ್ ಕೋವ್ ಹತ್ತಿರ. ಗ್ಲೇಸಿಯರ್ ಬೇ ಉದ್ಯಾನಕ್ಕೆ ಪ್ರವೇಶ ಶುಲ್ಕವಿಲ್ಲ, ಡೇರೆ ಹಾಕುವ ಜಾಗಕ್ಕೂ ಹಣವಿಲ್ಲ. ಅಲ್ಲಿಂದ ಬೇಸಿಗೆಯಲ್ಲಿ ದಿನವೂ ಹೊರಡುವ ದೋಣಿಯೊಂದು ಸೌತ್ ಮಾರ್ಬಲ್ ದ್ವೀಪದ ಕಡಲಸಿಂಹಗಳನ್ನೂ ಪಫಿನ್ ಹಕ್ಕಿಗಳನ್ನೂ ತೋರಿಸಿ, ಮಾರ್ಜರಿ ಹಿಮನದಿಯ ಮುಂದೆ ನಿಂತು, ಅದೇ ದಿನ ಮರಳುತ್ತದೆ. ಉದ್ಯಾನದ ರೇಂಜರ್ ಒಬ್ಬರು ಜೊತೆಯಲ್ಲಿರುತ್ತಾರೆ. ಹೂನಾ ಟ್ಲಿಂಗಿಟ್ ಜನರು 2016ರಲ್ಲಿ ತಮ್ಮ ಪೂರ್ವಿಕರ ನೆಲಕ್ಕೆ ಮರಳಿ ಕಟ್ಟಿಕೊಂಡ ಕುಲದ ಮನೆಯೂ ಬಾರ್ಟ್ಲೆಟ್ ಕೋವ್‌ನ ದಡದಲ್ಲೇ ಇದೆ. ಹಿಮ ತಮ್ಮನ್ನು ಹೊರದೂಡಿದ ಕಥೆಯನ್ನು ಅವರ ಬಾಯಿಂದಲೇ ಕೇಳುವ ಅವಕಾಶ ಅಲ್ಲಿ ಸಿಗುತ್ತದೆ, ಅದನ್ನು ತಪ್ಪಿಸಿಕೊಳ್ಳಬೇಡಿ.

ತಿಂಗಳ ವಿಚಾರ. ಮೇ ತಿಂಗಳಲ್ಲಿ ಮಳೆ ಕಡಿಮೆ, ಜನ ಕಡಿಮೆ, ಬೆಟ್ಟಗಳ ಮೇಲೆ ಇನ್ನೂ ಹಿಮ. ಜೂನ್‌ನಲ್ಲಿ ಜೂನೋದ ಹಗಲು ಹದಿನೆಂಟು ಗಂಟೆಗೂ ಉದ್ದ. ಸಾಮನ್, ಕರಡಿ ಮತ್ತು ಗುಳ್ಳೆಯ ಬಲೆಯನ್ನು ನೋಡಬೇಕೆನ್ನುವವರು ಜುಲೈ ಕೊನೆ ಅಥವಾ ಆಗಸ್ಟ್‌ನಲ್ಲಿ ಹೋಗಲಿ, ಮಳೆಗೆ ಸಿದ್ಧರಾಗಿ. ಜಾನ್ಸ್ ಹಾಪ್ಕಿನ್ಸ್ ಹಿಮನದಿಯ ಮುಂದಿನ ಕಡಲಚಾಚು ಮೇ 1ರಿಂದ ಜೂನ್ 30ರವರೆಗೆ ಎಲ್ಲ ಹಡಗುಗಳಿಗೂ ಮುಚ್ಚಿರುತ್ತದೆ. ಆಗ ಅಲ್ಲಿ ತೇಲುವ ಹಿಮದ ತುಂಡುಗಳ ಮೇಲೆ ಸೀಲ್‌ಗಳು ಮರಿಹಾಕಿ ಹಾಲೂಡಿಸುತ್ತಿರುತ್ತವೆ. ಹಡಗು ಸಮೀಪಿಸಿದರೆ ತಾಯಿ ಬೆದರಿ ನೀರಿಗಿಳಿಯುತ್ತದೆ, ಮರಿಯೂ ಹಿಂದೆಯೇ ಇಳಿದು ತಣ್ಣೀರಿನಲ್ಲಿ ಮೈಕಾವನ್ನು ಕಳೆದುಕೊಳ್ಳುತ್ತದೆ. ಜೂನ್‌ನಲ್ಲಿ ಹೋದವರಿಗೆ ಆ ಹಿಮನದಿ ಕಾಣುವುದು ಕಡಲಚಾಚಿನ ಬಾಯಿಂದ, ದೂರದಿಂದ, ದುರ್ಬೀನಿನಲ್ಲಿ ಮಾತ್ರ. ನಾನು ಅದನ್ನು ಕಂಡದ್ದು ಹಾಗೆಯೇ.